ಟೈರಿನ ಅಳತೆ ಸರಿ ಇದೆ, ಹೊರೆಯ ನಂಬರ್ ನೋಡಿದಿರಾ?

ಕುಷ್ಟಗಿ ಸೀಮೆಯ ಗ್ರಾನೈಟ್ ಕಲ್ಲನ್ನೇ ತಗೊಳ್ಳಿ. 6 ಅಡಿ ಉದ್ದ, 3 ಅಡಿ ಅಗಲ, 20 ಮಿಲಿಮೀಟರ್ ದಪ್ಪ ಇದ್ದರೆ ಒಂದು ಕಲ್ಲು ಸುಮಾರು 90 ಕೆ.ಜಿ. ತೂಗುತ್ತದೆ. ಇಂಥ ಏಳು ಕಲ್ಲುಗಳನ್ನು ವ್ಯಾನಿನ ಒಂದು ಬದಿಗೆ ಒರಗಿಸಿ ನಿಲ್ಲಿಸಲು ಒಂದು ಗೇಣು ಜಾಗ ಸಾಕು. ಉಳಿದ ಜಾಗವೆಲ್ಲ ಖಾಲಿ. ಆದರೆ ಗಾಡಿಯ ಮೇಲೆ ಆಗಲೇ 600 ಕೆ.ಜಿ. ದಾಟಿದೆ. ಅದೇ ವ್ಯಾನಿಗೆ ಒಣಮೆಣಸಿನಕಾಯಿ ಚೀಲಗಳನ್ನು ಮೇಲಿನ ತಗಡು ಮುಟ್ಟುವ ತನಕ ತುಂಬಿ. ನೋಡಿದವರು 'ಓವರ್‌ಲೋಡ್' ಅನ್ನುತ್ತಾರೆ, ತೂಕ ಮಾತ್ರ ಕಲ್ಲಿನ ಹತ್ತಿರಕ್ಕೂ ಬಂದಿರುವುದಿಲ್ಲ. ಗಾಡಿ ತುಂಬಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡುತ್ತೇವೆ. ಟೈರಿಗೆ ಕಣ್ಣಿಲ್ಲ, ಅದಕ್ಕೆ ತೂಕ ಮಾತ್ರ ಗೊತ್ತು.

ನಮ್ಮ ಕಡೆ ಟೈರ್ ಬದಲಾಯಿಸಲು ಹೋದವರು ಅಂಗಡಿಯಲ್ಲಿ ಕೇಳುವುದು ಎರಡೇ ಮಾತು: ಸೈಜ್ ಯಾವುದು, ರೇಟ್ ಎಷ್ಟು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನನ್ನ ಗಾಡಿಯ ಹಿಂದಿನ ಆಕ್ಸಲ್ ಮೇಲೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಅಚ್ಚಿನ ಮೇಲೆ, ಎಷ್ಟು ತೂಕ ಬೀಳುತ್ತದೆ? ಇಡೀ ಗಾಡಿಯ ತೂಕ ಎಷ್ಟು ಅಂತಲ್ಲ, ಹಿಂದಿನ ಆಕ್ಸಲ್ ಮೇಲೆ ಎಷ್ಟು ಅಂತ. ವ್ಯಾನಿನ ಸಾಮಾನೆಲ್ಲ ಬಹುತೇಕ ಅದರ ಮೇಲೆಯೇ ಕೂರುತ್ತದೆ.

ಇದನ್ನು ತಿಳಿಯುವುದು ಸುಲಭ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲುಗಳು ಇರುವಷ್ಟು ಕಾಲ ಗಾಡಿ ಸಮೇತ ತೂಗುವ ವೇಬ್ರಿಡ್ಜಿಗೆ ಬರ ಬರುವುದಿಲ್ಲ. ದಿನವೂ ಹೇರುವಷ್ಟು ಲೋಡು ಹೇರಿಕೊಂಡು ಹೋಗಿ. ಮೊದಲು ಇಡೀ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರಗಳನ್ನು ತಟ್ಟೆಯಿಂದ ಆಚೆ ಇಳಿಸಿ, ಹಿಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಂದು ಚೀಟಿ ತಗೊಳ್ಳಿ. ತಟ್ಟೆಯೂ ಪಕ್ಕದ ನೆಲವೂ ಒಂದೇ ಮಟ್ಟದಲ್ಲಿರಬೇಕು, ಅಷ್ಟೇ. ಎರಡನೇ ಚೀಟಿಯಲ್ಲಿರುವುದೇ ನಮಗೆ ಬೇಕಾದ ಅಂಕಿ.

ಒಂದು ಲೆಕ್ಕ ಮಾಡೋಣ. ಖಾಲಿ ವ್ಯಾನಿನ ಹಿಂದಿನ ಆಕ್ಸಲ್ ಮೇಲೆ 400 ಕೆ.ಜಿ. ಇದೆ ಅಂದುಕೊಳ್ಳಿ. 600 ಕೆ.ಜಿ. ಕಲ್ಲನ್ನು ಸರಿಯಾಗಿ ಆ ಆಕ್ಸಲಿನ ನೆತ್ತಿಗೆ ಇಟ್ಟರೆ ಒಟ್ಟು 1000. ಇನ್ನು ಕಲ್ಲಿನ ತೂಕದ ನಡುಭಾಗ ಆಕ್ಸಲಿಗಿಂತ 40 ಸೆಂ.ಮೀ. ಹಿಂದಕ್ಕೆ ಸರಿಯಿತು ಅನ್ನಿ. ಮುಂದಿನ ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರ ಇದ್ದರೆ, ಹಿಂದಿನ ಆಕ್ಸಲಿಗೆ ಬೀಳುವುದು 600 ಅಲ್ಲ, 700. ಮೇಲಿನ 100 ಕೆ.ಜಿ. ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಬಾಲ ಕೆಳಗಿಳಿದಂತೆ ಮೂತಿ ಮೇಲೇಳುತ್ತದೆ. ಮುಂದಿನ ಟೈರಿಗೆ ನೆಲದ ಹಿಡಿತ ಕಡಿಮೆಯಾಗಿ ಸ್ಟೇರಿಂಗ್ ಹಗುರವಾಗುತ್ತದೆ. 'ಲೋಡ್ ಹಾಕಿದ್ರೆ ಸ್ಟೇರಿಂಗ್ ಸಲೀಸು' ಎಂದು ಖುಷಿಪಡುವ ಡ್ರೈವರ್‌ಗಳಿದ್ದಾರೆ. ಅದು ಖುಷಿಪಡುವ ವಿಷಯ ಅಲ್ಲವೇ ಅಲ್ಲ. ಕಲ್ಲನ್ನು ಒಂದೇ ಬದಿಗೆ ಒರಗಿಸಿದ್ದರೆ ಆ ಬದಿಯ ಟೈರ್ ತನ್ನ ಅರ್ಧ ಪಾಲಿಗಿಂತ ಎಷ್ಟೋ ಜಾಸ್ತಿ ಹೊರುತ್ತಿರುತ್ತದೆ.

ಈಗ ಟೈರಿನ ಹತ್ತಿರ ಬರೋಣ. ಅಳತೆಯ ಪಕ್ಕದಲ್ಲಿ ಒಂದು ಅಂಕಿ ಮತ್ತು ಒಂದು ಅಕ್ಷರ ಇರುತ್ತವೆ. ಅಂಕಿ ಲೋಡ್ ಇಂಡೆಕ್ಸ್, ಅಕ್ಷರ ವೇಗದ ಮಿತಿ. 155/80 ಆರ್ 13 ಎಂಬ ಕಾರಿನ ಟೈರಿನ ಮೇಲೆ ಸಾಮಾನ್ಯವಾಗಿ 79 ಎಂದಿರುತ್ತದೆ. ಅಂದರೆ ಒಂದು ಟೈರ್ ಹೊರುವುದು 437 ಕೆ.ಜಿ. ಹೆಚ್ಚೂಕಡಿಮೆ ಅದೇ ಗಾತ್ರದ, ಅದೇ ರಿಮ್ಮಿಗೆ ಕೂರುವ 155 ಆರ್ 13 ಎಲ್‌ಟಿ (ಲೈಟ್ ಟ್ರಕ್, ಅಂದರೆ ಸಣ್ಣ ಸಾಗಣೆ ವಾಹನದ್ದು), 8 ಪಿಆರ್ ಟೈರಿನ ಮೇಲೆ 90/88 ಎಂದಿರುತ್ತದೆ. 90 ಅಂದರೆ 600 ಕೆ.ಜಿ. ಓರೆಗೀಟಿನ ಆಚೆಯ 88 ಅಂಕಿ, ಲಾರಿಗಳಂತೆ ಒಂದೇ ಕಡೆ ಜೋಡಿ ಚಕ್ರ ಹಾಕಿದಾಗಿನದು. ನಮ್ಮ ವ್ಯಾನಿಗೆ ಅದರ ಗೊಡವೆ ಇಲ್ಲ. ಪಕ್ಕಪಕ್ಕ ನಿಲ್ಲಿಸಿದರೆ ಈ ಎರಡು ಟೈರುಗಳ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಕಾರಿನ ಟೈರಿನ ಜೋಡಿ ಹೊರುವುದು 874 ಕೆ.ಜಿ., ಇನ್ನೊಂದು ಜೋಡಿ 1200. ನಮ್ಮ ಲೆಕ್ಕದ 1000 ಕೆ.ಜಿ.ಗೆ ಮೊದಲನೆಯದು ಆಗಲೇ ಸೋತಿದೆ.

ಈ ಇಂಡೆಕ್ಸ್ ಅಂಕಿಗಳಲ್ಲಿ ಒಂದು ಚಂದದ ಗಣಿತ ಅಡಗಿದೆ. ಒಂದೊಂದು ಮೆಟ್ಟಿಲಿಗೂ ಹೊರೆ ಸುಮಾರು ಶೇ. 3ರಷ್ಟು ಏರುತ್ತದೆ. ಹೀಗೆ 24 ಮೆಟ್ಟಿಲು ಹತ್ತಿದರೆ ದುಪ್ಪಟ್ಟು, 80 ಮೆಟ್ಟಿಲು ಹತ್ತಿದರೆ ಹತ್ತು ಪಟ್ಟು. 88 ಅಂದರೆ 560 ಕೆ.ಜಿ., 112 ಅಂದರೆ 1120. ಸೊನ್ನೆಗೆ 45 ಕೆ.ಜಿ., 80ಕ್ಕೆ 450. ಆದ್ದರಿಂದ '79 ಇದ್ದಲ್ಲಿ 90, ಬರೀ ಹನ್ನೊಂದು ತಾನೇ' ಅನ್ನುವ ಹಾಗಿಲ್ಲ. ಹೊರೆ ಮೂರರಲ್ಲೊಂದು ಪಾಲಿಗಿಂತಲೂ ಜಾಸ್ತಿ ಏರಿರುತ್ತದೆ.

8 ಪಿಆರ್ (ಪ್ಲೈ ರೇಟಿಂಗ್) ಅಂದರೆ ಎಂಟು ಪದರ ಎಂದು ಅನೇಕರು ತಿಳಿದಿದ್ದಾರೆ. ಟೈರಿನೊಳಗೆ ಹತ್ತಿಯ ನೂಲು ಹಾಕುತ್ತಿದ್ದ ಕಾಲದ ಮಾತು ಅದು. ಎಂಟು ಪದರ ಹತ್ತಿ ಬಟ್ಟೆಗೆ ಸಮನಾದ ಬಲ ಎಂದಷ್ಟೇ ಈಗ ಅರ್ಥ. ನೈಲಾನ್, ಪಾಲಿಯೆಸ್ಟರ್, ಉಕ್ಕಿನ ತಂತಿ ಬಂದ ಮೇಲೆ ಅಷ್ಟು ಪದರ ಬೇಕಾಗಿಲ್ಲ. ರಾಯಚೂರಿನ ಹತ್ತಿಗೆ ಟೈರಿನಲ್ಲಿ ಇನ್ನು ಕೆಲಸ ಇಲ್ಲ, ಹೆಸರು ಮಾತ್ರ ಉಳಿದಿದೆ.

ಇನ್ನೊಂದು ಗುರುತನ್ನೂ ನೋಡಿ. ನಮ್ಮ ದೇಶದಲ್ಲಿ ಮಾರುವ ಟೈರಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಅದರ ಜೊತೆ ಐಎಸ್ 15633 ಎಂದಿದ್ದರೆ ಕಾರಿನ ಟೈರು, ಐಎಸ್ 15636 ಎಂದಿದ್ದರೆ ಸಾಗಣೆ ವಾಹನದ ಟೈರು.

ಎಲ್‌ಟಿ ಟೈರ್ ಹಾಕಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಆ 600 ಕೆ.ಜಿ. ಹೊರುವುದು ರಬ್ಬರ್ ಅಲ್ಲ, ಒಳಗಿನ ಹವಾ. 8 ಪಿಆರ್ ಟೈರ್ ಪೂರ್ತಿ ಹೊರೆ ಹೊರಬೇಕಾದರೆ 65 ಪಿಎಸ್‌ಐ (ಹವಾದ ಒತ್ತಡದ ಅಳತೆ) ಬೇಕು. ಪಂಕ್ಚರ್ ಅಂಗಡಿಯ ಹುಡುಗ ಎಲ್ಲ ಗಾಡಿಗೂ 35 ಹೊಡೆದ ಹಾಗೆ ಇದಕ್ಕೂ ಹೊಡೆದರೆ, ದುಡ್ಡು ಕೊಟ್ಟು ಕೊಂಡ ಬಲದಲ್ಲಿ ಮೂರನೇ ಒಂದು ಪಾಲಿನಷ್ಟು ಅಲ್ಲೇ ಹೋಯಿತು. ಹಾಗಂತ ಕಾರಿನ ಟೈರಿಗೆ 65 ಹೊಡೆದು ಬಲ ತುಂಬುತ್ತೇನೆ ಅಂದರೆ ಆಗದು. ಅದರ ಮೈ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

ಹವಾ ಕಡಿಮೆ ಇದ್ದರೆ ಟೈರಿನ ಪಕ್ಕೆ ಜಾಸ್ತಿ ಮಡಚುತ್ತದೆ. ಈ ಗಾತ್ರದ ಟೈರ್ ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ಹಾಕುತ್ತದೆ. 100 ಕಿ.ಮೀ. ಹೋದರೆ 55 ಸಾವಿರ ಸಲ ಮಡಚಿ ಬಿಚ್ಚುತ್ತದೆ. ತಂತಿಯೊಂದನ್ನು ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬೆರಳು ಸುಡುತ್ತದೆ ಅಲ್ವಾ, ಟೈರಿನೊಳಗೂ ಹಾಗೇ. ರಬ್ಬರ್ ಮಡಚುವಾಗ ತೆಗೆದುಕೊಂಡ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ, ಸ್ವಲ್ಪ ಭಾಗವನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ. ರಬ್ಬರ್ ಶಾಖವನ್ನು ಬೇಗ ಹೊರಗೆ ಬಿಡುವ ವಸ್ತುವೂ ಅಲ್ಲ. ಮೇ ತಿಂಗಳ ರಾಯಚೂರಿನಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಡಾಂಬರು ಇನ್ನೂ ಬಿಸಿ. ಒಳಗೆ ಹುಟ್ಟಿದ ಶಾಖ ಹೋಗುವುದಾದರೂ ಎಲ್ಲಿಗೆ? ಕೊನೆಗೆ ಪದರಗಳ ನಡುವಿನ ಅಂಟು ಬಿಡುತ್ತದೆ, ಟೈರ್ ಸಿಡಿಯುತ್ತದೆ. ಜನ 'ಬಿಸಿಲಿಗೆ ಸಿಡಿಯಿತು' ಅನ್ನುತ್ತಾರೆ. ಬಿಸಿಲು ಕೊನೆಯ ಏಟು ಕೊಟ್ಟಿರಬಹುದು, ಆದರೆ ಮೊದಲ ತಪ್ಪು ಕಡಿಮೆ ಹವಾದ್ದು, ಜಾಸ್ತಿ ಹೊರೆಯದ್ದು.

ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಬೆಳಿಗ್ಗೆ 28 ಡಿಗ್ರಿಯಲ್ಲಿ 65 ಇದ್ದದ್ದು, ಒಳಗಿನ ಹವಾ 70 ಡಿಗ್ರಿಗೆ ಕಾದಾಗ 75 ದಾಟುತ್ತದೆ. ಇದನ್ನು ಕಂಡು ಹೆದರಿ ಹವಾ ಬಿಡುವವರು ಬಹಳ ಮಂದಿ. ಮರುದಿನ ತಣ್ಣಗಾದಾಗ ನೋಡಿದರೆ 55ರ ಸುತ್ತ ಇರುತ್ತದೆ. ಮತ್ತೆ ಜಾಸ್ತಿ ಮಡಚು, ಮತ್ತೆ ಜಾಸ್ತಿ ಶಾಖ. ಟೈರಿಗೆ ಹೇಳಿದ ಒತ್ತಡವೆಲ್ಲ ತಣ್ಣಗಿರುವಾಗಿನದು. ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅದನ್ನು ಗೊತ್ತುಮಾಡಿರುತ್ತಾರೆ. ನೈಟ್ರೋಜನ್ ಹಾಕಿಸಿದರೆ ಈ ಕಾಟ ಇಲ್ಲ ಎಂಬ ಮಾತೂ ಇದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಬಿಸಿಗೆ ಎರಡೂ ಹೆಚ್ಚೂಕಡಿಮೆ ಒಂದೇ ಥರ ಹಿಗ್ಗುತ್ತವೆ.

ರಿಮ್ಮಿನ ವಿಷಯ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಒಳ್ಳೆಯ ಅಲಾಯ್ (ಮಿಶ್ರಲೋಹದ) ಚಕ್ರದ ಹಿಂಬದಿಯಲ್ಲಿ ಅದು ಎಷ್ಟು ಕೆ.ಜಿ. ಹೊರುತ್ತದೆ ಎಂದು ಅಚ್ಚಾಗಿರುತ್ತದೆ. ಜಪಾನಿನ ಪದ್ಧತಿಯ ಜೆಡಬ್ಲ್ಯುಎಲ್ ಗುರುತು ಕಾರಿನ ಚಕ್ರದ್ದು, ಕೊನೆಗೆ ಟಿ ಸೇರಿದ್ದರೆ ಲಾರಿ, ಬಸ್ಸಿನದು. ಕಾರಿನಿಂದ ಬಿಚ್ಚಿದ ಹಳೆ ಅಲಾಯ್ ಅಗ್ಗಕ್ಕೆ ಸಿಕ್ಕಿತೆಂದು ವ್ಯಾನಿಗೆ ಹಾಕಿದರೆ ತೂಕದ ಜೊತೆ 65 ಪಿಎಸ್‌ಐ ಒತ್ತಡವನ್ನೂ ಅದು ತಡೆಯಬೇಕು. ಬೋಲ್ಟಿನ ತೂತು ಹೊಂದಿದ ಮಾತ್ರಕ್ಕೆ ಚಕ್ರ ಹೊಂದಿತು ಅಂತಲ್ಲ. ಚಕ್ರ ಹೊರಕ್ಕೆ ಚಾಚಿಕೊಂಡರೆ ಬೇರಿಂಗಿನ ಮೇಲೆ ಎಳೆತ ಹೆಚ್ಚುತ್ತದೆ. ನಟ್ಟಿನ ತುದಿ ಕೂರುವ ಗುಣಿಯ ಆಕಾರವೂ ಸರಿಹೊಂದಬೇಕು, ಇಲ್ಲದಿದ್ದರೆ ಎಷ್ಟು ಬಿಗಿ ಮಾಡಿದರೂ ಸಡಿಲವಾಗುತ್ತದೆ.

ಇನ್ನು ಸಸ್ಪೆನ್ಷನ್, ಅಂದರೆ ಗಾಡಿಯ ಮೈಗೂ ಚಕ್ರಕ್ಕೂ ನಡುವಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ವಿಷಯ. ಇಲ್ಲಿ ನಮ್ಮ ಭೂಮಿಯ ಗುಣವನ್ನೂ ನೋಡಬೇಕು. ಸಿಂಧನೂರಿನಿಂದ ಸಿರುಗುಪ್ಪದ ತನಕ ಎರೆ ಭೂಮಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆ ಕೆಲವು ವರ್ಷಗಳಲ್ಲಿ ಅಲೆ ಅಲೆಯಾಗುತ್ತದೆ. ತಗ್ಗು ಬೀಳದಿದ್ದರೂ ಗಾಡಿ ದೋಣಿಯ ಹಾಗೆ ತೂಗುವುದು ಅದಕ್ಕೇ. 10 ಮೀಟರಿಗೊಂದು ಉಬ್ಬಿದ್ದು, ಗಾಡಿ ಗಂಟೆಗೆ 60 ಕಿ.ಮೀ. ಓಡುತ್ತಿದ್ದರೆ ಸೆಕೆಂಡಿಗೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ ಸಲ ನೂಕು ಬೀಳುತ್ತದೆ. ಲೋಡಾದ ವ್ಯಾನಿನ ಸ್ಪ್ರಿಂಗ್ ತಾನಾಗಿ ತೂಗುವ ವೇಗವೂ ಹೆಚ್ಚೂಕಡಿಮೆ ಅಷ್ಟೇ. ಎರಡೂ ತಾಳ ಕೂಡಿದಾಗ ತೂಗಾಟ ಬೆಳೆಯುತ್ತಾ ಹೋಗುತ್ತದೆ. ಅದನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ.

ಗಾಡಿಯ ಬಾಲ ಕುಸಿದಿದೆ ಎಂದು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುವವರನ್ನು ಎಲ್ಲ ಗ್ಯಾರೇಜಿನಲ್ಲೂ ಕಾಣಬಹುದು. ಮಾಮೂಲಿ ಶಾಕ್ ಅಬ್ಸಾರ್ಬರ್ ತೂಕ ಹೊರುವುದಿಲ್ಲ, ತೂಗಾಟದ ಶಕ್ತಿಯನ್ನು ಎಣ್ಣೆಯಲ್ಲಿ ಕರಗಿಸಿ ಬಿಸಿ ಮಾಡುತ್ತದೆ, ಅಷ್ಟೇ. ತೂಕ ಹೊರುವುದು ಸ್ಪ್ರಿಂಗು.

ಅದು ಗೊತ್ತಿರುವವರು ಸೀದಾ ಕಮಾನ್ ಪಟ್ಟಿಯವನ (ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್ ಕೆಲಸದವನ) ಹತ್ತಿರ ಹೋಗಿ ಒಂದು ಪಟ್ಟಿ ಜಾಸ್ತಿ ಹಾಕಿಸುತ್ತಾರೆ. ಒಂದೇ ದಪ್ಪದ ಮೂರು ಪಟ್ಟಿ ನಾಲ್ಕಾದರೆ ಬಿಗುವು ಮೂರನೇ ಒಂದು ಪಾಲು ಏರುತ್ತದೆ. ದಪ್ಪದ ಪಟ್ಟಿ ಹಾಕಿದರೆ ಲೆಕ್ಕ ಬೇರೆ. ದಪ್ಪ ಎರಡರಷ್ಟಾದರೆ ಆ ಪಟ್ಟಿಯ ಬಿಗುವು ಎಂಟರಷ್ಟು. ಬಾಲವೇನೋ ಮೇಲೇಳುತ್ತದೆ. ಆದರೆ ಆಕ್ಸಲ್, ಬೇರಿಂಗ್, ಚಾಸಿ (ಗಾಡಿಯ ಅಡಿಯ ಚೌಕಟ್ಟು), ಬ್ರೇಕ್ ಇದ್ದದ್ದೇ ಇವೆ. ಕಂಪನಿ ಹಿಂದಿನ ಆಕ್ಸಲಿಗೆ 950 ಕೆ.ಜಿ. ಮಿತಿ ಕೊಟ್ಟಿದ್ದರೆ, 1200 ಹೊರುವ ಟೈರ್ ಜೋಡಿ ಹಾಕಿದರೂ, ಹತ್ತು ಪಟ್ಟಿ ಸೇರಿಸಿದರೂ ಅದು 950ಕ್ಕೇ ನಿಲ್ಲುತ್ತದೆ. ನಮ್ಮ 1000 ಕೆ.ಜಿ. ಲೋಡಿನಲ್ಲಿ 50 ಇಳಿಸಲೇಬೇಕು. ಕಾಯಿಲ್ ಸ್ಪ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರ್ ಬಫರಿಗೂ ಇದೇ ಮಾತು.

ಬಿಗಿಯಾದ ಸ್ಪ್ರಿಂಗಿನ ಗಾಡಿ ಖಾಲಿ ವಾಪಸ್ ಬರುವಾಗ ಹಿಂದಿನ ಚಕ್ರ ನೆಲದ ಮೇಲೆ ಕುಪ್ಪಳಿಸುತ್ತದೆ. ಕುಪ್ಪಳಿಸುವ ಚಕ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ.

ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಭಾಗ ಇಲ್ಲೇ ಇದೆ. ಹಲವು ವ್ಯಾನು, ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಒಂದು ಕಡ್ಡಿ, ಅದಕ್ಕೊಂದು ವಾಲ್ವು ಇರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ಈ ವಾಲ್ವು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಆದರೆ ವಾಲ್ವಿಗೆ ತೂಕ ಗೊತ್ತಾಗುವುದಿಲ್ಲ, ಎತ್ತರ ಮಾತ್ರ ಗೊತ್ತು. ಪಟ್ಟಿ ಸೇರಿಸಿ ಎತ್ತರ ಮಾಡಿದ ಗಾಡಿಗೆ ಪೂರ್ತಿ ಲೋಡ್ ಹೇರಿದರೂ ಅದು ಖಾಲಿ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕ್ ಅರ್ಧಂಬರ್ಧ ಕೆಲಸ ಮಾಡುತ್ತದೆ, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ. ಹಾಗಾಗಿ ಪಟ್ಟಿ ಕೆಲಸ ಆದ ಮೇಲೆ ಆ ಕಡ್ಡಿಯ ಅಳತೆಯನ್ನು ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ಮತ್ತೆ ಹೊಂದಿಸಬೇಕು. ಸ್ಪ್ರಿಂಗ್ ಕೆಲಸದವರು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಬ್ರೇಕ್ ಮೆಕ್ಯಾನಿಕ್ ಹತ್ತಿರ ಕೇಳಿ ಮಾಡಿಸಿಕೊಳ್ಳಬೇಕು.