ಮಂಡಿ ಮುಂದೆ ಬರಲಿ ಬಿಡಿ

ಅಣ್ಣನ ಮಗ ಜಿಮ್ ಸೇರಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಮನೆಗೆ ಬಂದವನು ಕಾಫಿ ಕುಡಿಯುತ್ತಾ, “ಚಿಕ್ಕಪ್ಪ, ಸ್ಕ್ವಾಟ್ ನನಗೆ ಆಗಿಬರಲ್ಲ ಅನ್ಸುತ್ತೆ. ಬಾರ್ ಹೊತ್ತು ಕೂತರೆ ಹಿಂದಕ್ಕೆ ವಾಲುತ್ತೆ. ಬೀಳಬಾರದು ಅಂತ ಬಗ್ಗಿದರೆ ಸೊಂಟ ಹಿಡ್ಕೊಳ್ಳುತ್ತೆ” ಎಂದ. ಸ್ಕ್ವಾಟ್ ಅಂದರೆ ಬಾರ್ಬೆಲ್ಲಿನ ಉದ್ದ ಕಬ್ಬಿಣದ ಸರಳನ್ನು, ಅಂದರೆ ಬಾರ್ ಅನ್ನು, ಹೆಗಲ ಮೇಲೆ ಹೊತ್ತು ಕೂತು ಏಳುವ ವ್ಯಾಯಾಮ.

ಅಲ್ಲೇ ಹಾಲ್‌ನಲ್ಲಿ ಬರಿಗೈಯಲ್ಲಿ ಕೂತು ತೋರಿಸು ಎಂದೆ. ಕುಂಡೆಯನ್ನು ಹಿಂದಕ್ಕೆ ತಳ್ಳಿದ. ಮಂಡಿಯಿಂದ ಕೆಳಗಿನ ಕಾಲನ್ನು ಕಂಬದ ಹಾಗೆ ನೆಟ್ಟಗೆ ಇಟ್ಟುಕೊಂಡ. ಅರ್ಧಕ್ಕೆ ಇಳಿಯುವಷ್ಟರಲ್ಲಿ ಕಾಲ್ಬೆರಳು ನೆಲ ಬಿಟ್ಟು ಮೇಲೆದ್ದವು, ತೂರಾಡಿ ಸೋಫಾ ಹಿಡಿದುಕೊಂಡ. ಮಂಡಿಯನ್ನು ಯಾಕೆ ಹಾಗೆ ಬಿಗಿಹಿಡಿದಿದ್ದೀಯ ಎಂದು ಕೇಳಿದರೆ, “ಮಂಡಿ ಕಾಲ್ಬೆರಳು ದಾಟಬಾರದು ಅಂತ ಟ್ರೈನರ್ ಹೇಳಿದ್ದಾರೆ” ಅಂದ.

ಅಡುಗೆಮನೆಯಿಂದ 5 ಕೆಜಿ ಅಕ್ಕಿ ಚೀಲ ತಂದು ಅವನ ಕೈಗೆ ಕೊಟ್ಟೆ. ಎರಡೂ ಕೈ ಮುಂದಕ್ಕೆ ಚಾಚಿ ಹಿಡ್ಕೋ, ಮಂಡಿಯನ್ನು ಅದರ ಪಾಡಿಗೆ ಬಿಡು, ಈಗ ಕೂರು ಎಂದೆ. ಹಿಮ್ಮಡಿ ಊರಿಕೊಂಡೇ, ತೊಡೆ ಮೀನಖಂಡಕ್ಕೆ ತಾಗುವ ತನಕ ಆರಾಮಾಗಿ ಇಳಿದ. ಇಳಿದವನು ಅಲ್ಲೇ ಕೂತು ನನ್ನ ಮುಖ ನೋಡಿದ. ತೂಕ ಜಾಸ್ತಿ ಆದ ಮೇಲೆ ಕೂರುವುದು ಸುಲಭ ಆಯಿತಲ್ಲ! ಎಷ್ಟು ಸಲ ನೋಡಿದರೂ ನನಗೆ ಇದು ಹೊಸದಾಗಿ ಖುಷಿ ಕೊಡುತ್ತದೆ. ಸ್ಕ್ವಾಟ್‌ನ ಅರ್ಧ ವಿಜ್ಞಾನ ಆ ಅಕ್ಕಿ ಚೀಲದಲ್ಲೇ ಇದೆ.

ಮನೆ ಕಟ್ಟುವಾಗ ಗಾರೆ ಕೆಲಸದವರು ತೂಗುಗುಂಡು ಬಿಡುವುದನ್ನು ನೋಡಿರುತ್ತೀರಿ. ದೇಹದ ಗುರುತ್ವ ಕೇಂದ್ರಕ್ಕೆ, ಅಂದರೆ ಮೈತೂಕವೆಲ್ಲ ಸೇರಿದೆ ಅಂತ ಲೆಕ್ಕ ಹಿಡಿಯುವ ಬಿಂದುವಿಗೆ, ಅಂಥದ್ದೊಂದು ದಾರ ಕಟ್ಟಿ ಇಳಿಬಿಟ್ಟರೆ, ಗುಂಡು ನಿಮ್ಮ ಪಾದದ ಮೇಲೇ ಬೀಳಬೇಕು. ಹಿಮ್ಮಡಿಯಿಂದ ಹಿಂದೆ ಹೋದರೆ ಹಿಂದಕ್ಕೆ ಬೀಳುತ್ತೀರಿ, ಬೆರಳಿನಿಂದ ಮುಂದೆ ಹೋದರೆ ಮುಗ್ಗರಿಸುತ್ತೀರಿ. ಪಾದದ ಉದ್ದವೇ 25 ಸೆಂ.ಮೀ. ಆಸುಪಾಸು. ಅದರಲ್ಲೂ ಎರಡೂ ಅಂಚು ನಂಬಿಕೆಗೆ ಸಾಲದು. ನಡುಪಾದ, ಅಂದರೆ ಶೂ ದಾರ ಕಟ್ಟುವ ಜಾಗದ ನೇರಕ್ಕೆ ಆ ಗುಂಡು ಇದ್ದರೆ ನಿಶ್ಚಿಂತೆ. ಚಾಚಿದ ಕೈಯಲ್ಲಿ 60 ಸೆಂ.ಮೀ. ಮುಂದೆ ಹಿಡಿದ 5 ಕೆಜಿ ಅಕ್ಕಿ, 60 ಕೆಜಿ ಹುಡುಗನ ಗುರುತ್ವ ಕೇಂದ್ರವನ್ನು 4–5 ಸೆಂ.ಮೀ. ಮುಂದಕ್ಕೆ ಎಳೆಯುತ್ತದೆ. ಬೀಳುವುದಕ್ಕೂ ನಿಲ್ಲುವುದಕ್ಕೂ ಅಷ್ಟೇ ವ್ಯತ್ಯಾಸ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ತಲೆ ಮೇಲೆ ಕೊಡ ಹೊತ್ತವರು ನೆಟ್ಟಗೆ ನಡೆಯುತ್ತಾರೆ. ಸೊಂಟದ ಮೇಲೆ ಕೊಡ ಇಟ್ಟುಕೊಂಡರೆ ಮೈ ತಾನಾಗೇ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಎಪಿಎಂಸಿ ಯಾರ್ಡ್‌ನಲ್ಲಿ ಚೀಲ ಬೆನ್ನಿಗೇರಿಸಿಕೊಂಡ ಹಮಾಲಿ ಮುಂದಕ್ಕೆ ಬಾಗಿ ಹೆಜ್ಜೆ ಹಾಕುತ್ತಾನೆ, ನೆಟ್ಟಗೆ ನಿಂತರೆ ಚೀಲ ಅವನನ್ನು ಹಿಂದಕ್ಕೆ ಎಳೆದು ಕೆಡವುತ್ತದೆ. ಯಾರೂ ಅವನಿಗೆ ಭೌತಶಾಸ್ತ್ರ ಹೇಳಿಕೊಟ್ಟಿಲ್ಲ, ಅವನ ಪಾದ ಹೇಳಿಕೊಟ್ಟಿದೆ. ಬಾರ್ಬೆಲ್ ಕೂಡ ಬೆನ್ನಿನ ಚೀಲವೇ. ನಿಮ್ಮ ತೂಕ 60 ಕೆಜಿ, ಬಾರ್ ತೂಕವೂ 60 ಕೆಜಿ ಆದರೆ ಇಬ್ಬರದ್ದೂ ಸೇರಿದ ಗುರುತ್ವ ಕೇಂದ್ರ ಸರಿಯಾಗಿ ಮಧ್ಯದಲ್ಲಿರುತ್ತದೆ. ತೂಕ ಏರಿದಷ್ಟೂ ಅದು ಬಾರ್ ಕಡೆಗೆ ಸರಿಯುತ್ತದೆ. ಅದಕ್ಕೇ ಭಾರ ಎತ್ತುವವರು ಬಾರ್ ನಡುಪಾದದ ಮೇಲೇ ಏರಿಳಿಯಬೇಕು ಅನ್ನುವುದು.

ಈಗ ಆ “ಮಂಡಿ ಬೆರಳು ದಾಟಬಾರದು” ಅನ್ನುವ ಮಾತಿಗೆ ಬರೋಣ. ಒಂದು ಕಾಗದ ತಗೊಂಡು ನನ್ನ ಜೊತೆ ಲೆಕ್ಕ ಹಾಕಿ. ತೊಡೆ 42 ಸೆಂ.ಮೀ., ಮಂಡಿಯಿಂದ ಪಾದದ ಕೀಲಿಗೂ 42, ಸೊಂಟದ ಕೀಲಿನಿಂದ ಬಾರ್ ಕೂರುವ ಜಾಗಕ್ಕೆ 50, ಪಾದದ ಕೀಲಿಗಿಂತ ನಡುಪಾದ 8 ಸೆಂ.ಮೀ. ಮುಂದೆ ಅಂತ ಇಟ್ಟುಕೊಳ್ಳಿ. ತೊಡೆ ನೆಲಕ್ಕೆ ಸಮವಾಗುವಷ್ಟು ಇಳಿದಾಗ ಸೊಂಟ ಮಂಡಿಗಿಂತ ಪೂರ್ತಿ 42 ಸೆಂ.ಮೀ. ಹಿಂದೆ ಇರುತ್ತದೆ. ಕೆಳಗಿನ ಕಾಲು ಕಂಬದಂತೆ ನೆಟ್ಟಗಿದ್ದರೆ, ಬಾರ್ ಅನ್ನು ನಡುಪಾದದ ಮೇಲೆ ತರಲು ಮೈ ಸೊಂಟದಿಂದ 42 ಮತ್ತು 8, ಒಟ್ಟು 50 ಸೆಂ.ಮೀ. ಮುಂದೆ ಚಾಚಬೇಕು. ಮೈಯ ಉದ್ದವೇ 50! ಅಂದರೆ ಬೆನ್ನು ಮೇಜಿನ ಹಾಗೆ ಪೂರ್ತಿ ಅಡ್ಡ ಮಲಗಬೇಕು. ಅದೇ ಕೆಳಗಿನ ಕಾಲನ್ನು 28 ಡಿಗ್ರಿ ಮುಂದಕ್ಕೆ ಬಾಗಲು ಬಿಟ್ಟರೆ ಮಂಡಿ ಸುಮಾರು 20 ಸೆಂ.ಮೀ. ಮುಂದೆ ಹೋಗುತ್ತದೆ, ಬಾಕಿ ಉಳಿಯುವುದು 30 ಸೆಂ.ಮೀ. ಅಷ್ಟೇ, ಬೆನ್ನು 37 ಡಿಗ್ರಿ ಬಾಗಿದರೆ ಸಾಕು. ನಮ್ಮ ಹುಡುಗ ಹಿಂದಕ್ಕೆ ಬೀಳುತ್ತಿದ್ದದ್ದು, ಬಗ್ಗಿದರೆ ಸೊಂಟ ಹಿಡಿಯುತ್ತಿದ್ದದ್ದು, ಎರಡಕ್ಕೂ ಉತ್ತರ ಈ ಒಂದೇ ಕಾಗದದಲ್ಲಿದೆ. ಅವನ ಮೈಯಲ್ಲಿ ತಪ್ಪಿರಲಿಲ್ಲ, ಅವನಿಗೆ ಕೊಟ್ಟ ನಿಯಮದಲ್ಲಿತ್ತು.

2003ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದೇ ನೋಡಿದರು. ಆಂಡ್ರ್ಯೂ ಫ್ರೈ ಮತ್ತು ಜೊತೆಗಾರರು, ಭಾರ ಎತ್ತಿ ಪಳಗಿದ 7 ಮಂದಿಗೆ ತಮ್ಮ ಮೈತೂಕದಷ್ಟೇ ಬಾರ್ ಹೊರಿಸಿ, ಒಮ್ಮೆ ಸಹಜವಾಗಿ, ಇನ್ನೊಮ್ಮೆ ಮಂಡಿ ಮುಂದೆ ಹೋಗದಂತೆ ಮರದ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿದರು. ಹಲಗೆ ಇಟ್ಟಾಗ ಮಂಡಿಯ ಮೇಲಿನ ಟಾರ್ಕ್, ಅಂದರೆ ಕೀಲನ್ನು ತಿರುಗಿಸಲು ನೋಡುವ ಒತ್ತಡ, 150ರಿಂದ 117 ನ್ಯೂಟನ್-ಮೀಟರ್‌ಗೆ ಇಳಿಯಿತು. ಆದರೆ ಸೊಂಟದ ಕೀಲಿನ ಮೇಲಿನದ್ದು 28ರಿಂದ 303ಕ್ಕೆ ಏರಿತು. ಹತ್ತು ಪಟ್ಟಿಗೂ ಜಾಸ್ತಿ! ಮಂಡಿಗೆ ಒಂದಿಷ್ಟು ಉಳಿಸಲು ಹೋಗಿ ಸೊಂಟಕ್ಕೆ ಸಾಲ ಹೊರಿಸಿದ ಹಾಗೆ, ಅಲ್ವಾ?

ಮಂಡಿಯ ಬಗ್ಗೆ ಈ ಭಯ ಎಲ್ಲಿಂದ ಬಂತು ಅನ್ನುವುದಕ್ಕೂ ಒಂದು ಕಥೆ ಇದೆ. 1961ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್, ಮಂಡಿಯ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು (ಲಿಗಮೆಂಟ್) ಎಷ್ಟು ಸಡಿಲ ಎಂದು ಅಳೆಯಲು ತಾವೇ ಒಂದು ಸಾಧನ ಮಾಡಿಕೊಂಡು ಭಾರ ಎತ್ತುವವರನ್ನು ಪರೀಕ್ಷಿಸಿದರು. ಪೂರ್ತಿ ಕೂತರೆ ಮಂಡಿ ಸಡಿಲವಾಗುತ್ತದೆ ಎಂದು ತೀರ್ಮಾನಿಸಿದರು. ಮರುವರ್ಷ ಅಮೆರಿಕದ ದೊಡ್ಡ ಕ್ರೀಡಾ ಪತ್ರಿಕೆಯೊಂದು ಅದನ್ನು ಎಲ್ಲೆಡೆ ಹಬ್ಬಿಸಿತು. ಆಮೇಲೆ ಬೇರೆಯವರು ಅಳೆದು ನೋಡಿದಾಗ ಆ ಸಡಿಲ ಕಾಣಿಸಲೇ ಇಲ್ಲ. ಆದರೆ ಹಬ್ಬಿದ ಭಯ ಹಬ್ಬಿಯೇ ಉಳಿಯಿತು, 60 ವರ್ಷ ದಾಟಿ ನಮ್ಮ ಬೀದಿಯ ಜಿಮ್‌ಗೂ ಬಂತು. ನನಗೆ ಬೇಜಾರಾಗುವುದು ಇದಕ್ಕೇ. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಹೊಡೆಯುವ ಬಸ್ಕಿಯನ್ನು ನೋಡಿ. ಮಂಡಿ ಬೆರಳನ್ನು ದಾಟುವುದಷ್ಟೇ ಅಲ್ಲ, ಹಿಮ್ಮಡಿಯೂ ಮೇಲೇಳುತ್ತದೆ. ಹೆಗಲ ಮೇಲೆ ಬಾರ್ ಇದ್ದಾಗ ಹಿಮ್ಮಡಿ ಎತ್ತಬಾರದು ನಿಜ, ನಿಲ್ಲುವ ಜಾಗವೇ ಅರ್ಧ ಆಗಿಬಿಡುತ್ತದೆ. ಆದರೆ ಮಂಡಿ ಮುಂದೆ ಬರುವುದು ಮಂಡಿಯ ಕೆಲಸವೇ. ಮೆಟ್ಟಿಲು ಇಳಿಯುವಾಗ ದಿನಾ ಬರುತ್ತದೆ. ಮೊದಲೇ ಮಂಡಿನೋವು ಇದ್ದವರು ಮಾತ್ರ ವೈದ್ಯರಿಗೆ ತೋರಿಸಿಕೊಂಡೇ ಮುಂದುವರಿಯಲಿ.

ಮಂಡಿ ಮುಂದೆ ಬರಬೇಕೆಂದರೆ ಪಾದದ ಕೀಲು ಬಾಗಬೇಕು. ಅಸಲಿ ತೊಡಕು ಎಷ್ಟೋ ಜನರಿಗೆ ಅಲ್ಲೇ ಇರುವುದು. 1890ರ ದಶಕದಲ್ಲಿ ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿದ್ದ ಹ್ಯಾವ್ಲಾಕ್ ಚಾರ್ಲ್ಸ್ ಪಂಜಾಬಿನವರ ಕಾಲಿನ ಮೂಳೆಗಳನ್ನು ನೋಡಿ ಬರೆದಿಟ್ಟಿದ್ದಾರೆ: ಪಾದದ ಕೀಲಿನ ಮುಂಭಾಗದಲ್ಲಿ, ಎರಡು ಮೂಳೆ ಒಂದಕ್ಕೊಂದು ತಾಗುವಲ್ಲಿ, ಪುಟ್ಟ ನಯವಾದ ಗುರುತುಗಳು. ಕುಕ್ಕರಗಾಲಲ್ಲಿ ಕೂತು ಕೂತು ಮೂಡಿದ ಗುರುತುಗಳವು. ಕೂರುವ ರೂಢಿ ಮೂಳೆಯ ಮೇಲೇ ಬರೆದುಕೊಂಡಿತ್ತು! ಕುರ್ಚಿ, ಕಮೋಡು, ಕಾರು ಅಂತ ಬೆಳೆದ ಕಾಲಿಗೆ ಆ ಬಾಗು ಬೇಕಾಗುವುದೇ ಇಲ್ಲ. ಬಳಸದಿದ್ದರೆ ಬಿಗಿಯುತ್ತದೆ.

ಅಳೆಯುವುದು ಸುಲಭ. ಬರಿಗಾಲಲ್ಲಿ ಗೋಡೆ ಮುಂದೆ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗುತ್ತಾ ಇದ್ದರೆ ಪಾದವನ್ನು ಇಷ್ಟಿಷ್ಟೇ ಹಿಂದೆ ಸರಿಸಿ. ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರದಲ್ಲಿದ್ದರೂ ತಾಗಿದರೆ ಸಾಕಷ್ಟು ಬಾಗಿದೆ ಅಂತ. ಅಣ್ಣನ ಮಗನಿಗೆ ಬಲಗಾಲಲ್ಲಿ 9 ಬಂತು, ಎಡಗಾಲಲ್ಲಿ 6. ಹಿಂದೆ ಕ್ರಿಕೆಟ್ ಆಡುವಾಗ ಎಡಗಾಲು ಉಳುಕಿದ್ದು ಆಗ ನೆನಪಾಯಿತು.

ಬಾಗು ಬರುವ ತನಕ ಹಿಮ್ಮಡಿ ಕೆಳಗೆ ಏನಾದರೂ ಇಡಬಹುದು. 2 ಸೆಂ.ಮೀ. ಎತ್ತರಿಸಿದರೆ ಕೆಳಗಿನ ಕಾಲು ಇನ್ನೂ ಸುಮಾರು 6 ಡಿಗ್ರಿ ಬಾಗುತ್ತದೆ. ಒಲಿಂಪಿಕ್ಸ್‌ನ ಭಾರ ಎತ್ತುವವರ ಶೂಗೆ ಗಟ್ಟಿ ಹಿಮ್ಮಡಿ ಇರುವುದು ಇದಕ್ಕೇ. ಓಡುವ ಶೂ ಮಾತ್ರ ಬೇಡ, ಅದರ ಮೆತ್ತನೆ ಅಡಿ ಹಾಸಿಗೆ ಮೇಲೆ ನಿಂತ ಹಾಗೆ ಅಲ್ಲಾಡಿಸುತ್ತದೆ. ತೊಡೆ ಉದ್ದ ಇರುವವರು ಕಾಲು ಸ್ವಲ್ಪ ಅಗಲಿಸಿ, ಬೆರಳು ಹೊರಕ್ಕೆ ತಿರುಗಿಸಿದರೆ ಸೊಂಟ ಅಷ್ಟು ಹಿಂದೆ ಹೋಗುವುದಿಲ್ಲ. ಆಗ ಮಂಡಿಯೂ ಬೆರಳಿನ ದಿಕ್ಕಿಗೇ ಹೋಗಬೇಕು, ಒಳಕ್ಕೆ ಕುಸಿಯಬಾರದು. ಏಳುವಾಗ ಕುಂಡೆ ಮೊದಲು ಎದ್ದು ಬಾರ್ ಹಿಂದುಳಿದರೆ ತೂಕ ಇಳಿಸಿ. ಇಳಿಯುವ ಮುಂಚೆ ಹೊಟ್ಟೆ ತುಂಬ ಉಸಿರು ತುಂಬಿಕೊಳ್ಳಿ, ಗಾಳಿ ತುಂಬಿದ ಟೈರ್ ಹಾಗೆ ನಡು ಗಟ್ಟಿಯಾಗುತ್ತದೆ.

ಮೂರು ವಾರದ ಮೇಲೆ ಅವನು ಪಕ್ಕದಿಂದ ತೆಗೆಸಿದ ವಿಡಿಯೋ ಕಳಿಸಿದ. 40 ಕೆಜಿ, ಹಿಮ್ಮಡಿ ಕೆಳಗೆ ಎರಡು ತೆಳು ಪ್ಲೇಟ್. ಫೋನಿನ ಪರದೆ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಬಾರ್ ನಡುಪಾದದ ಮೇಲೇ ಇಳಿದು ಅದೇ ದಾರಿಯಲ್ಲಿ ಏರಿತ್ತು. ತೀರಾ ಕೆಳಗೆ ಹೋದಾಗ ಎಡ ಹಿಮ್ಮಡಿ ಮಾತ್ರ ಇನ್ನೂ ಒಂದಿಷ್ಟು ಒಳಕ್ಕೆ ತಿರುಗುತ್ತದೆ. ಹಲ್ಲುಜ್ಜುವಾಗ ಎಡ ಮಂಡಿಯನ್ನು ಬಚ್ಚಲ ಗೋಡೆಗೆ ತಾಗಿಸಿ ನಿಲ್ಲುತ್ತಿದ್ದಾನಂತೆ, ಮೊನ್ನೆಗೆ 7 ಸೆಂ.ಮೀ. ಬಂದಿದೆ.