ಬಚ್ಚಲ ಒಲೆಯ ಹೊಗೆ ಎಲ್ಲಿಗೆ ಹೋಗುತ್ತದೆ?

ಡಿಸೆಂಬರಿನಲ್ಲಿ ಅಂಕೋಲಾ, ಕುಮಟಾ ಕಡೆಯ ಯಾವುದಾದರೂ ಹಳ್ಳಿಗೆ ಬೆಳಗಿನ ಹೊತ್ತು ಹೋಗಿ ನೋಡಿ. ಬಚ್ಚಲ ಒಲೆಗಳಿಗೆ ಬೆಂಕಿ ಹಾಕಿದ ಸ್ವಲ್ಪ ಹೊತ್ತಿಗೆ ತೆಂಗಿನ ಮರದ ಎತ್ತರದಲ್ಲಿ ಬಿಳಿ ಪದರವೊಂದು ನಿಂತಿರುತ್ತದೆ. ಮಂಜು ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ. ಮಂಜೂ ಇರಬಹುದು, ಆದರೆ ಹೊಗೆಯ ಪಾಲೇನೂ ಕಡಿಮೆಯಲ್ಲ.

ಹೊಗೆ ಮೇಲೇರದಿರಲು ಕಾರಣ ಚಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ಅದರ ಮೇಲಿನ ಬೆಚ್ಚನೆಯ ಗಾಳಿ ಹಂಡೆಯ ಮುಚ್ಚಳದ ಹಾಗೆ ಕೂರುತ್ತದೆ. ಬಿಸಿಲೇರಿ ನೆಲ ಕಾಯುವ ತನಕ ಹೊಗೆಗೆ ದಾರಿಯಿಲ್ಲ.

ಪಕ್ಕಕ್ಕಾದರೂ ಹೋಗಬಹುದಲ್ವಾ? ಹೋಗುತ್ತದೆ. ರಾತ್ರಿ ನೆಲದಿಂದ ಬೀಸುವ ಗಾಳಿ ಅದನ್ನು ಕಡಲಿನತ್ತ ತಳ್ಳುತ್ತದೆ. ಮಧ್ಯಾಹ್ನದ ಕಡಲಗಾಳಿ ಅದರಲ್ಲಿ ಒಂದಿಷ್ಟನ್ನು ವಾಪಸ್ ತರುತ್ತದೆ. ಕಾರವಾರದಲ್ಲಂತೂ ಗುಡ್ಡಗಳು ಕಡಲಿಗೆ ತೀರಾ ಹತ್ತಿರ, ಹೊಗೆ ಹರಡಲು ಜಾಗವೇ ಕಡಿಮೆ.

ವಾಪಸ್ ಬಂದದ್ದು ಹೋದ ಹೊಗೆಯೇ ಅಲ್ಲ, ಇದು ಸ್ವಾರಸ್ಯದ ವಿಷಯ. ಸೋಗೆ, ಮಡಲು, ಕಟ್ಟಿಗೆ ಉರಿದಾಗ ಇಂಗಾಲದ ನೂರಾರು ಬಗೆಯ ಸಂಯುಕ್ತಗಳು ಹೊರಬೀಳುತ್ತವೆ. ಕೆಲವು ಆಗಲೇ ಕಣಗಳಾಗಿರುತ್ತವೆ, ಕೆಲವು ಅನಿಲವಾಗಿರುತ್ತವೆ. ಬಿಸಿಲಿನಲ್ಲಿ ಓಝೋನ್ ಮತ್ತಿತರ ಚುರುಕು ಅನಿಲಗಳು ಇವಕ್ಕೆ ಆಮ್ಲಜನಕ ಸೇರಿಸುತ್ತವೆ. ಆಗ ಅನಿಲವಾಗಿದ್ದದ್ದೂ ಭಾರವಾಗಿ ಕಣಕ್ಕೆ ಅಂಟಿಕೊಳ್ಳುತ್ತದೆ. ಇವೇ ಸಾವಯವ ಏರೋಸಾಲ್‌ಗಳು. ಗಾತ್ರ 2.5 ಮೈಕ್ರಾನ್‌ಗಿಂತ ಕಡಿಮೆ, ಅಂದರೆ ಕೂದಲಿನ ದಪ್ಪದ ಹೆಚ್ಚುಕಡಿಮೆ 25ರಲ್ಲಿ ಒಂದು ಪಾಲು. ಮೂಗಿನ ಕೂದಲು ಇವನ್ನು ತಡೆಯಲಾರದು. ಘನ ಮೀಟರ್ ಗಾಳಿಯಲ್ಲಿ ಇಷ್ಟು ಸಣ್ಣ ಕಣಗಳೆಲ್ಲ ಸೇರಿ ದಿನದ ಸರಾಸರಿ 60 ಮೈಕ್ರೊಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಕಣ ಎಲ್ಲಿಂದ ಬಂತೆಂದು ಪತ್ತೆಹಚ್ಚಲು ವಿಜ್ಞಾನಿಗಳು ಅದರಲ್ಲಿ ಲೆವೊಗ್ಲುಕೋಸಾನ್ ಎಂಬ ಸಕ್ಕರೆ ಜಾತಿಯ ವಸ್ತುವನ್ನು ಹುಡುಕುತ್ತಾರೆ. ಕಟ್ಟಿಗೆ, ದರಕು (ಒಣಗಿ ಬಿದ್ದ ಎಲೆ) ಸುಟ್ಟರೆ ಅದು ಹುಟ್ಟುತ್ತದೆ. ಡೀಸೆಲ್ ಉರಿದರೆ ಹುಟ್ಟುವುದಿಲ್ಲ.

ಎಲ್ಲ ತಪ್ಪನ್ನೂ ಬಚ್ಚಲ ಒಲೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ, ಒಳನಾಡಿನ ಹೊಗೆಯನ್ನೂ ಹೊತ್ತು ತರುತ್ತದೆ. 1999ರಲ್ಲಿ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ನಡೆದಾಗ ಅರಬ್ಬಿ ಸಮುದ್ರದ ಮೇಲೂ ಕಂದು ಮಬ್ಬು ಕಂಡಿತ್ತು. ಕಾಡೂ ಸುಮ್ಮನಿಲ್ಲ. ಶಿರಸಿ, ಯಲ್ಲಾಪುರದ ಮರಗಳ ಎಲೆಗಳಿಂದ ಐಸೊಪ್ರೀನ್‌ನಂಥ ಅನಿಲಗಳು ಹೊರಡುತ್ತವೆ. ಬಿಸಿಲು ಏರಿದಷ್ಟೂ ಜಾಸ್ತಿ. ಅವೂ ಕಣಗಳಾಗಬಲ್ಲವು. ಹಾಗಂತ ಮರವನ್ನು ದೂರಬೇಡಿ. ಅದು ಲಕ್ಷಾಂತರ ವರ್ಷಗಳಿಂದ ಇದನ್ನೇ ಮಾಡುತ್ತಿದೆ.

ಜೂನ್ ಬಂತೆಂದರೆ ಲೆಕ್ಕ ತಿರುಗುತ್ತದೆ. ಗಾಳಿ ಸಾವಿರಾರು ಕಿಲೋಮೀಟರ್ ಕಡಲು ದಾಟಿ ಬರುತ್ತದೆ, ಅದರಲ್ಲಿ ಉಪ್ಪೇ ಹೆಚ್ಚು. ಮಳೆ ಉಳಿದ ಕಣಗಳನ್ನು ತೊಳೆದು ನೆಲಕ್ಕಿಳಿಸುತ್ತದೆ. ಹೊರಗಿನ ಗಾಳಿ ವರ್ಷದಲ್ಲೇ ಅತಿ ಚೊಕ್ಕವಾಗಿರುವುದು ಆಗ. ಆದರೆ ಮನೆಯೊಳಗೆ? ಹಸಿ ಕಟ್ಟಿಗೆ, ಮುಚ್ಚಿದ ಕಿಟಕಿ, ಒಲೆ ಊದುತ್ತ ಕೂತವರ ಕಣ್ಣಲ್ಲಿ ನೀರು. ಬೀದಿಯಲ್ಲಿಟ್ಟ ಮಾಪಕಕ್ಕೆ ಇದು ಕಾಣುವುದಿಲ್ಲ.

2016ರಲ್ಲಿ ಶುರುವಾದ ಉಜ್ವಲ ಯೋಜನೆಯಿಂದ ಎಷ್ಟೋ ಅಡುಗೆಮನೆಗಳಿಗೆ ಸಿಲಿಂಡರ್ ಬಂತು. ಸ್ನಾನದ ನೀರು ಮಾತ್ರ ಹಲವೆಡೆ ಕಟ್ಟಿಗೆಯಲ್ಲೇ ಕಾಯುತ್ತಿದೆ. ತೋಟದಲ್ಲಿ ಸೋಗೆ ಬಿಟ್ಟಿ ಸಿಗುವಾಗ ಗ್ಯಾಸ್ ಯಾರು ಸುಡುತ್ತಾರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ರೂಪಿಸಿದ ಅಡುಗೆ ಒಲೆಯಲ್ಲಿ ಕಡಿಮೆ ಕಟ್ಟಿಗೆ ಸಾಕು, ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಬಚ್ಚಲಿಗೂ ಅಂಥದ್ದೇ ಬೇಕು. ಅಲ್ಲಿಯವರೆಗೆ ಮೇ ಮುಗಿಯುವುದರೊಳಗೆ ಕಟ್ಟಿಗೆ ಒಣಗಿಸಿ ಕೊಟ್ಟಿಗೆಗೆ ಸೇರಿಸಿದರೂ ಹೊಗೆ ಎದ್ದು ಕಾಣುವಷ್ಟು ತಗ್ಗುತ್ತದೆ.