ಪದ ಪರಿಚಯ: ಎಚ್‌.ಐ. ಬಿ.ಎಡ್.

ಪದವಿ ಮುಗಿಸಿದವರ ಮುಂದಿನ ಓದಿನ ಮಾತು ಬಂದಾಗ ಮುಂಬೈಯ ಕನ್ನಡ ಮನೆಗಳಲ್ಲೂ ಈಗ ‘ಸ್ಪೆಷಲ್ ಬಿ.ಎಡ್.’ ಎಂಬ ಹೆಸರು ಕೇಳುತ್ತದೆ. ಅದರ ಜೊತೆಗೆ ಬರುವ ಎಚ್‌.ಐ. ಎಂದರೆ ಹಿಯರಿಂಗ್ ಇಂಪೇರ್‌ಮೆಂಟ್, ಅಂದರೆ ಶ್ರವಣದೋಷ. ಕಿವುಡು ಮತ್ತು ಮಂದಶ್ರವಣದ ಮಕ್ಕಳಿಗೆ ಕಲಿಸುವವರ ತರಬೇತಿ ಇದು. ಪದವಿಯ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಾಂದ್ರಾ ರಿಕ್ಲಮೇಶನ್‌ನಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಈ ಕೋರ್ಸಿದೆ. ಕರ್ನಾಟಕದಲ್ಲಾದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿದೆ. ಎಲ್ಲೇ ಸೇರಿದರೂ ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. 1992ರ ಕಾಯ್ದೆಯ ಪ್ರಕಾರ ಪರಿಷತ್ತಿನ ನೋಂದಣಿ ಇಲ್ಲದವರು ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವಂತಿಲ್ಲ. ಮಾನ್ಯತೆಯಿಲ್ಲದ ಕಡೆ ಓದಿದರೆ ಆ ನೋಂದಣಿ ಸಿಗುವುದಿಲ್ಲ.

ಸಾಮಾನ್ಯ ಬಿ.ಎಡ್.ಗೆ ಒಂದೆರಡು ಪೇಪರ್ ಸೇರಿಸಿದರೆ ಇದಾಯಿತು ಎಂದುಕೊಳ್ಳುವವರು ಬಹಳ. ಸಾಮಾನ್ಯ ಶಾಲೆಯ ಮಗು ಮನೆಯಿಂದಲೇ ಒಂದು ಭಾಷೆಯನ್ನು ತಂದಿರುತ್ತದೆ, ಶಿಕ್ಷಕರು ಅದರ ಮೇಲೆ ಗಣಿತ, ವಿಜ್ಞಾನ ಕಟ್ಟುತ್ತಾರೆ. ಇಲ್ಲಿ ಎದುರು ಕೂತ ಮೂರು ವರ್ಷದ ಮಗುವಿಗೆ ಎಷ್ಟೋ ಸಲ ಭಾಷೆಯೇ ಬಂದಿರುವುದಿಲ್ಲ. ಹುಟ್ಟಿದ ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಆಗಬೇಕು ಎಂಬುದು ಗುರಿ. ಮಗುವಿಗೆ ಒಂದೂವರೆ ವರ್ಷವಾದಾಗ ಶ್ರವಣಯಂತ್ರ ಹಾಕಿದರೆ, ಮೂರನೇ ಹುಟ್ಟುಹಬ್ಬದಂದು ಅದರ ‘ಶ್ರವಣ ವಯಸ್ಸು’ ಒಂದೂವರೆಯಷ್ಟೇ. ಶಿಕ್ಷಕರು ಮಾತಿನ ನಿರೀಕ್ಷೆಯನ್ನು ಈ ಶ್ರವಣ ವಯಸ್ಸಿಗೆ ಹೊಂದಿಸಬೇಕು, ಆಟ ಮತ್ತು ಯೋಚನೆಯನ್ನು ಮಗುವಿನ ನಿಜವಾದ ವಯಸ್ಸಿಗೆ.

ಕಿವಿಯ ಅಳತೆ ಮಾಡಿ ಯಂತ್ರ ಹೊಂದಿಸುವುದು ಆಡಿಯಾಲಜಿಸ್ಟರ ಕೆಲಸ. ಆದರೆ ಅವರು ಮಗುವನ್ನು ನೋಡುವುದು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ. ದಿನವೂ ನೋಡುವವರು ಶಿಕ್ಷಕರು. ಹಾಗಾಗಿ ತರಬೇತಿಯಲ್ಲಿ ಮೊದಲು ಕೈಗೂಡಬೇಕಾದದ್ದು ಬೆಳಗಿನ ತಪಾಸಣೆ. ಯಂತ್ರವನ್ನು ಸ್ಟೆತೋಸ್ಕೋಪ್‌ನಂಥ ನಳಿಕೆಗೆ ಜೋಡಿಸಿ ತಾವೇ ಕೇಳಬೇಕು. ಬ್ಯಾಟರಿ ಅಳೆಯಬೇಕು, ಹೊಸದಾದರೆ ಸ್ಟಿಕ್ಕರ್ ಕಿತ್ತು ಒಂದು ನಿಮಿಷವಾದರೂ ಗಾಳಿಗೆ ಬಿಟ್ಟು ಹಾಕಬೇಕು. ಮುಂಬೈಯ ಮಳೆಗಾಲದಲ್ಲಿ ನಳಿಕೆಯೊಳಗೆ ನೀರಹನಿ ಕೂತು ಶಬ್ದವೇ ಒಳಗೆ ಹೋಗದಂತಾಗುತ್ತದೆ. ಪುಟ್ಟ ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆದು, ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡಿಸಬೇಕು. ಯಂತ್ರ ಕೀರಲು ಶಬ್ದ ಮಾಡಿದರೆ ಮನೆಯವರು ವಾಲ್ಯೂಮ್ ತಗ್ಗಿಸಿಬಿಡುತ್ತಾರೆ. ಕಾರಣ ಹೆಚ್ಚಾಗಿ ಕಿವಿಯ ಅಚ್ಚು, ಅಂದರೆ ಮಗುವಿನ ಕಿವಿಯ ಅಳತೆಗೆ ಮಾಡಿಸಿ ಯಂತ್ರಕ್ಕೆ ಜೋಡಿಸುವ ತುಂಡು: ಕೂಸಿನ ಕಿವಿ ಬೆಳೆದು ಎರಡು ಮೂರು ತಿಂಗಳಿಗೇ ಅಚ್ಚು ಸಡಿಲವಾಗಿರುತ್ತದೆ. ಬದಲಿಸಬೇಕಾದದ್ದು ಅಚ್ಚನ್ನು.

ಆಮೇಲೆ ‘ಲಿಂಗ್ ಪರೀಕ್ಷೆ’, ಅಂದರೆ ಮಾತಿನ ಧ್ವನಿಗಳು ಮಗುವಿಗೆ ಕೇಳುತ್ತಿವೆಯೇ ಎಂದು ನೋಡುವ ಪರೀಕ್ಷೆ. ಮ್, ಊ, ಆ, ಈ, ಶ್, ಸ್: ಈ ಆರು ಧ್ವನಿಗಳು ಮಾತಿನ ಕೆಳಗಿನ ಕಂಪನದಿಂದ ಮೇಲಿನದರವರೆಗೆ ಹರಡಿವೆ, ಕನ್ನಡಕ್ಕೂ ಸಲೀಸಾಗಿ ಹೊಂದುತ್ತವೆ. ಧ್ವನಿ ಕೇಳಿದ ಕೂಡಲೇ ಮಗು ಒಂದು ಮಣಿಯನ್ನು ಬಟ್ಟಲಿಗೆ ಹಾಕಬೇಕು. ಹೊಸಬರು ಒಂದೇ ಲಯದಲ್ಲಿ, ಎರಡೆರಡು ಸೆಕೆಂಡಿಗೊಮ್ಮೆ ಹೇಳುತ್ತಾ ಹೋಗುತ್ತಾರೆ. ಮಗು ಲಯ ಹಿಡಿದು ಕೇಳದೆಯೇ ಮಣಿ ಹಾಕುತ್ತದೆ. ಇನ್ನು ಕೆಲವರು ತುಟಿ ಕಾಣದಿರಲಿ ಎಂದು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಅಲ್ಲೇ ‘ಸ್’ ಸತ್ತುಹೋಗುತ್ತದೆ. ಪಕ್ಕದಲ್ಲಿ, ಸ್ವಲ್ಪ ಹಿಂದೆ ಕೂತರೆ ಸಾಕು. ‘ಈ’ ಎಂದಾಗ ಮಗು ‘ಊ’ ಎಂದು ಮರುನುಡಿದರೆ ಅದೊಂದು ಒಳ್ಳೆಯ ಸುಳಿವು. ಎರಡೂ ಸ್ವರಗಳ ಕೆಳಗಿನ ಭಾಗ ಹೆಚ್ಚುಕಡಿಮೆ ಒಂದೇ. ‘ಈ’ಯನ್ನು ಬೇರೆ ಮಾಡುವುದು ಸುಮಾರು 2,500 ಹರ್ಟ್ಸ್ ಹತ್ತಿರದ ಮೇಲಿನ ಭಾಗ. ಅದು ಮಗುವಿಗೆ ತಲುಪುತ್ತಿಲ್ಲ. ಈ ಒಂದು ಸಾಲನ್ನು ಬರೆದು ಕಳಿಸಿದರೆ ಆಡಿಯಾಲಜಿಸ್ಟರಿಗೆ ದೊಡ್ಡ ಉಪಕಾರ.

ತುಟಿ ನೋಡಿ ತಿಳಿದುಕೊಳ್ಳಲಿ ಎಂಬ ಮಾತಿಗೂ ಮಿತಿಯಿದೆ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ‘ಬರ’, ‘ಮರ’ ಅನ್ನಿ; ಆಮೇಲೆ ‘ಹಾಲು’, ‘ಕಾಲು’. ತುಟಿ ಒಂದೇ ತೆರನಾಗಿ ಆಡುತ್ತದೆ.

ಭಾಷೆ ಕೊಡುವ ಪಾಠಗಳಲ್ಲಿ ಪ್ರಶಿಕ್ಷಣಾರ್ಥಿಗಳು ಹೆಚ್ಚು ಎಡವುವುದು ‘ಡೈರೆಕ್ಟೆಡ್ ಆ್ಯಕ್ಟಿವಿಟಿ’ಯಲ್ಲಿ, ಅಂದರೆ ಮಕ್ಕಳ ಜೊತೆ ಏನಾದರೊಂದು ಮಾಡುತ್ತಾ ಮಾತು ಕಟ್ಟುವ ಪಾಠದಲ್ಲಿ. ನಿಂಬೆಹಣ್ಣಿನ ಶರಬತ್ತು ಎಂದಿಟ್ಟುಕೊಳ್ಳಿ. ನಿಂಬೆ, ಸಕ್ಕರೆ, ಲೋಟ, ಚಮಚ ತೋರಿಸಿ ‘ಇದೇನು?’ ಎಂದು ಕೇಳುತ್ತಾ ಹೋದರೆ ಮಗುವಿಗೆ ಬರೀ ಹೆಸರುಗಳು ಸಿಗುತ್ತವೆ. ಬೇಕಾದದ್ದು ಹಿಂಡು, ಸುರಿ, ಕಲಸು, ಚೆಲ್ಲಿತು, ಇನ್ನೂ ಹುಳಿ, ಸಾಕಾ? ಮಗುವಿನ ಕಣ್ಣು ಚಮಚದ ಮೇಲಿರುವಾಗ ಆಡಿದ ಮಾತು ಅಥವಾ ಮಾಡಿದ ಸನ್ನೆ ಅದಕ್ಕೆ ಕಾಣುವುದೇ ಇಲ್ಲ. ಮೊದಲು ಹೇಳಬೇಕು, ಮಾಡಲು ಬಿಡಬೇಕು, ತಲೆ ಎತ್ತಿದಾಗ ಮತ್ತೆ ಹೇಳಬೇಕು. ದೂರವನ್ನೂ ಮರೆಯಬಾರದು: ದೂರ ಎರಡರಷ್ಟಾದಾಗ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಜೊತೆಗೆ ಫ್ಯಾನು ಮತ್ತು ರಸ್ತೆಯ ಹಾರ್ನ್ ಬೇರೆ.

ಕಾನೂನಿನ ಅಳತೆಯನ್ನೂ ತರಗತಿಯ ಅಳತೆಯನ್ನೂ ಒಂದು ಮಾಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಾದರೆ ಕಿವುಡು, 60ರಿಂದ 70 ಆದರೆ ಮಂದಶ್ರವಣ. 45 ಡೆಸಿಬಲ್ ನಷ್ಟದ ಮಗು ಈ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಯಂತ್ರವಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತರೆ ಅರ್ಧ ಪಾಠ ಅದಕ್ಕೆ ತಪ್ಪುತ್ತದೆ.

ಮುಂಬೈಯ ನಮ್ಮವರಿಗೆ ದೊಡ್ಡ ಪ್ರಶ್ನೆ ಯಾವ ಭಾಷೆ ಎಂಬುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಸ್ಪತ್ರೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ‘ಕನ್ನಡ ಬಿಡಿ, ಮಗುವಿಗೆ ಗೊಂದಲವಾಗುತ್ತದೆ’ ಎಂಬ ಸಲಹೆ ಈಗಲೂ ಕೇಳಿಬರುತ್ತದೆ. ಅದನ್ನು ನಂಬಿದ ಅಮ್ಮ ತನಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ‘ಕಮ್’, ‘ಈಟ್’ ಎಂಬಲ್ಲಿಗೆ ನಿಲ್ಲುತ್ತಾಳೆ. ಕತೆ, ಮುದ್ದು, ಗದರಿಕೆ ಎಲ್ಲ ಮಗುವಿಗೆ ತಪ್ಪಿಹೋಗುತ್ತವೆ. ಯಂತ್ರದಿಂದ ಮಾತು ತಲುಪದ ಮಗುವಿಗೆ ಭಾರತೀಯ ಸನ್ನೆ ಭಾಷೆಯನ್ನು ತಡಮಾಡದೆ ಕೊಡಬೇಕು, ಅದೂ ಪೂರ್ತಿ ಭಾಷೆಯೇ, ಮನೆಯವರೂ ಕಲಿಯಬೇಕು. ಮಾತು ತಲುಪುವ ಮಗುವಿಗೆ ಮನೆಮಾತೇ ಮೊದಲು. ಮೊದಲ ಮನೆಭೇಟಿಯಲ್ಲಿ ಶಿಕ್ಷಕರು ಬರೆದುಕೊಳ್ಳಬೇಕಾದದ್ದು ಎರಡೇ ಸಂಗತಿ: ದಿನದಲ್ಲಿ ಹೆಚ್ಚು ಹೊತ್ತು ಮಗುವಿನ ಜೊತೆ ಇರುವವರು ಯಾರು, ಅವರಿಗೆ ತಡವರಿಸದೆ ಬರುವ ಭಾಷೆ ಯಾವುದು.